ಪಟ್ಟಿಯಲ್ಲಿಲ್ಲದ ನಾಯಿ

ಭಾನುವಾರ, ಹದಿನಾರನೇ ತಾರೀಖು
ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಮಗಳೇ,

ನಿನ್ನ ಸೋದರಮಾವನ ಆಶೀರ್ವಾದ. ಅಳಿಯಂದಿರಿಗೆ ನಮಸ್ಕಾರ. ನಮ್ಮ ಪಿಟೀಲಿಗೆ ಮುತ್ತು, ಹೊಲಿಗೆ ಇಲ್ಲದ ಕೆನ್ನೆಗೆ. ಹುಟ್ಟಿದ ದಿನ ನಿನ್ನ ಮಗಳು ಅತ್ತ ದನಿ ಕೇಳಿ ನಾನಿಟ್ಟ ಹೆಸರು ಅದು. ಆರು ವರ್ಷವಾಯಿತು, ಇಷ್ಟು ಒಪ್ಪುವ ಹೆಸರು ನಿಮಗ್ಯಾರಿಗೂ ಹೊಳೆದಿಲ್ಲ.

ನಿನ್ನ ಕಾಗದ ಬಂದು ಐದು ವಾರವಾಯಿತು. ಅದರಲ್ಲಿದ್ದದ್ದೇ ಮೂರು ಸಾಲು. "ಮಾವ, ನಾಯಿ ಕಚ್ಚಿದಾಗ ನೀವು ನಿಜವಾಗಿ ಎಲ್ಲಿದ್ರಿ? ಇವಳು ಬಾಯೇ ಬಿಡ್ತಿಲ್ಲ. ಗೊತ್ತಾಗೋವರೆಗೂ ಇವಳನ್ನ ಅಲ್ಲಿಗೆ ಕಳಿಸಲ್ಲ." ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೊದಲ ವಾರ ಮಂಡಿನೋವು, ಎರಡನೆಯ ವಾರ ಪೆನ್ನು ಕೈಕೊಟ್ಟಿತು, ಆಮೇಲಿನದೆಲ್ಲ ನಮ್ಮ ಬೀದಿಯ ಸಂಘದವರ ಕಾಟ. ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲು ಇಲ್ಲಿನ ಗೋಳು ಕೇಳು, ಇವರ ಸಹವಾಸ ನನಗೆ ಸಾಕಾಗಿ ಹೋಗಿದೆ.

ಪಿಟೀಲಿಗೆ ಕಚ್ಚಿದ ಸುದ್ದಿ ಹಬ್ಬಿದ್ದೇ ತಡ, ಸಂಘದ ಅಧ್ಯಕ್ಷರಿಗೆ ಮೈಮೇಲೆ ಬಂದಂತಾಯಿತು. ರಿಟೈರಾದ ಕ್ಯಾಷಿಯರ್ ಅವರು, ನೀನು ನೋಡಿದ್ದೀಯ, ನೆಲಕ್ಕೆ ನೋವಾದೀತೆಂದು ಹೆದರಿದವರಂತೆ ನಡೆಯುತ್ತಾರಲ್ಲ, ಅವರೇ. ಫೋನಿನಲ್ಲಿ ಹುಡುಕಿ ಹನ್ನೊಂದು ಅಪಾಯಕಾರಿ ನಾಯಿತಳಿಗಳ ಪಟ್ಟಿ ತೆಗೆದರು. ವಾಚನಾಲಯದ ಮೇಲಿನ ಹಾಲ್‌ನಲ್ಲಿ ಸಭೆ ಕರೆದರು. ಇವು ನಮ್ಮ ಬೀದಿಯಲ್ಲಿ ಇರಕೂಡದು ಎಂದು ಪಟ್ಟಿ ಓದತೊಡಗಿದರು. ಆ ಹೆಸರುಗಳನ್ನು ಹೇಳುವಷ್ಟರಲ್ಲಿ ಅವರ ನಾಲಿಗೆಗೆ ಮೂರು ಸಲ ಕಚ್ಚಿತು. ಕಚ್ಚಿದ್ದು ಅವರದೇ ಹಲ್ಲು, ಅದರ ತಳಿ ಪಟ್ಟಿಯಲ್ಲಿರಲಿಲ್ಲ.

ಹನ್ನೊಂದರಲ್ಲಿ ನಮ್ಮ ಬೀದಿಯಲ್ಲಿರುವುದು ಒಂದೇ, ಬೇಕರಿಯಮ್ಮನ ಪೈಲ್ವಾನ. ಕರುವಿನಷ್ಟು ಎತ್ತರ. ಆದರೆ ಆಕೆ ಅದರ ಬಾಯಿಗೆ ಕುಕ್ಕೆ ಹಾಕದೆ ಹೊಸಿಲು ದಾಟಿಸುವುದಿಲ್ಲ. ಮೊಳದುದ್ದದ ಹಗ್ಗ ಹಿಡಿದು, ಮಕ್ಕಳು ಸ್ಕೂಲಿನಲ್ಲಿರುವ ಹೊತ್ತು ನೋಡಿ ಓಡಾಡಿಸುತ್ತಾಳೆ. ಸಭೆಗೆ ಕೈಯ ಹಿಟ್ಟು ಕೂಡ ತೊಳೆಯದೆ ಬಂದಿದ್ದಳು.

"ಸಾರ್, ಆ ಮಗುಗೆ ಕಚ್ಚಿದ್ದು ನನ್ನ ನಾಯಿನಾ?" ಎಂದು ಕೇಳಿದಳು.

"ಅಲ್ಲಮ್ಮ. ಆದ್ರೆ ಕಚ್ಚಿದ್ರೆ?"

"ಕಚ್ಚಿದ್ದು ಯಾರದು?"

ಇಡೀ ಹಾಲ್ ನನ್ನ ಕಡೆ ತಿರುಗಿತು. ನಮ್ಮ ನಾಯಿ ಸಾಹುಕಾರ ಎಂಥವನೆಂದು ನಿನಗೆ ಗೊತ್ತೇ ಇದೆ. ಗೇಣುದ್ದದ ಕಾಲು, ನೆಲ ಒರೆಸುವ ಹೊಟ್ಟೆ. ಅವನ ತಳಿ ಯಾವುದೆಂದು ಅವನ ತಾಯಿಗೂ ಗೊತ್ತಿರಲಾರದು.

"ಅದು ಪಟ್ಟೀಲಿಲ್ಲ ಬಿಡಿ," ಎಂದರು ಕ್ಯಾಷಿಯರ್. ಪಟ್ಟಿಯಲ್ಲಿಲ್ಲದ ಬಾಯಿಗೆ ಹಲ್ಲೇ ಇರುವುದಿಲ್ಲ ಎನ್ನುವ ಹಾಗೆ.

ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. ನಾನು ಓದಿದ್ದು ಊರಿನ ಸ್ಕೂಲಿನ ಏಳನೇ ಕ್ಲಾಸು ಇರಬಹುದು. ಆದರೆ ಮೂವತ್ತೊಂದು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದವನು. ನಾಯಿಗಳ ವಿಷಯದಲ್ಲಿ ನನ್ನ ಮುಂದೆ ಮಾತಾಡುವವರು ಈ ಬೀದಿಯಲ್ಲಿ ಯಾರಿದ್ದಾರೆ? "ನನ್ನ ಮೀಟರ್ ಪುಸ್ತಕದಲ್ಲಿ ಮನೆ ನಂಬರಿನ ಪಕ್ಕ ಗುರುತು ಹಾಕ್ತಿದ್ದೆ," ಎಂದೆ. "ಒಂದು ಗೀಟು ಅಂದ್ರೆ ಬೊಗಳುತ್ತೆ. ಎರಡು ಗೀಟು ಅಂದ್ರೆ ಕಚ್ಚುತ್ತೆ. ಸೊನ್ನೆ ಅಂದ್ರೆ, ಒಡೆಯ 'ಏನೂ ಮಾಡಲ್ಲ, ಬನ್ನಿ' ಅಂತಾನೆ. ನಂಗೆ ಒಂಬತ್ತು ನಾಯಿ ಕಚ್ಚಿವೆ. ಏಳು ಸೊನ್ನೆ ಮನೇವು."

ಎಲ್ಲರೂ ನಕ್ಕರು. ನಿನ್ನ ಅತ್ತೆ ಮಾತ್ರ ಅಂಗಿ ಹಿಡಿದು ಜಗ್ಗಿದಳು. "ಕೂತ್ಕೊಳ್ಳಿ ಸಾಕು. ನಮ್ಮನೆ ಮುಂದೆ ಯಾವ ಗುರುತು ಹಾಕ್ತೀರಿ ಈಗ?" ಈ ಹೆಂಗಸಿನ ಜೊತೆ ಮೂವತ್ತನಾಲ್ಕು ವರ್ಷ ಬಾಳಿದ್ದೇನೆ, ನನಗೊಂದು ಪದಕ ಕೊಡಬೇಕು.

ಆಗ ನಾಯಿ ಡಾಕ್ಟರಮ್ಮ ಎದ್ದರು. ಚಿಕ್ಕ ವಯಸ್ಸು, ತಣ್ಣನೆ ಮಾತು. "ದೊಡ್ಡ ನಾಯಿ ಕಚ್ಚಿದ್ರೆ ಗಾಯ ದೊಡ್ಡದು, ಅದನ್ನ ಇಲ್ಲ ಅನ್ನಲ್ಲ. ಅದಕ್ಕೇ ಕುಕ್ಕೆ ಬೇಕು, ಗಟ್ಟಿ ಗೇಟು ಬೇಕು. ಆದ್ರೆ ಪಟ್ಟಿ ಅಂಟಿಸಿ ನಿಶ್ಚಿಂತೆಯಾಗಿ ಮನೆಗೆ ಹೋದ್ರೆ ಕಡಿತ ನಿಲ್ಲಲ್ಲ. ಮಕ್ಕಳಿಗೆ ಕಚ್ಚೋದು ಹೆಚ್ಚಾಗಿ ಗೊತ್ತಿರೋ ನಾಯೇ. ತಿನ್ನುವಾಗ, ಮಲಗಿದ್ದಾಗ, ನೋವಿದ್ದಾಗ ಅದನ್ನ ಅದರ ಪಾಡಿಗೆ ಬಿಡಬೇಕು. ಮಗು, ನಾಯಿ ಒಟ್ಟಿಗಿದ್ದಾಗ ದೊಡ್ಡವರೊಬ್ಬರು ಕಣ್ಣಿಟ್ಟಿರಬೇಕು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಯಜಮಾನರೇ, ನಿಮ್ಮ ನಾಯಿ ಕಚ್ಚೋಕೆ ಮುಂಚೆ ಗುರ್ ಅಂದಿತ್ತಾ?"

ನಾನು ಎದೆ ಉಬ್ಬಿಸಿ ಹೇಳಿದೆ: "ನಮ್ಮ ಸಾಹುಕಾರ ಗುರ್ ಅನ್ನೋದೇ ಇಲ್ಲ ತಾಯಿ. ಮರಿಯಾಗಿದ್ದಾಗಲೇ ಪೇಪರ್ ಸುತ್ತಿ ಬಾರಿಸಿ ಬಿಡಿಸಿದೀನಿ."

"ಅಯ್ಯೋ," ಎಂದರು ಆಕೆ. "ಬೇಡ ಅನ್ನೋಕೆ ಅದಕ್ಕೆ ಇದ್ದಿದ್ದು ಅದೊಂದೇ ಮಾತು. ಅದನ್ನೂ ಕಿತ್ಕೊಂಡ್ರೆ ಉಳಿಯೋದು ಹಲ್ಲು ತಾನೆ?"

ಆಮೇಲೆ ಯಾರು ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ಕೊನೆಗೆ ಕೈ ಎತ್ತಿಸಿದರು, ಪಟ್ಟಿಯೇ ಗೆದ್ದಿತು. ಪೈಲ್ವಾನನನ್ನು ಬೀದಿಯಿಂದ ಕಳಿಸಬೇಕೆಂದು ಅರ್ಜಿ ಬರೆದರು. ಅದರ ಮೊದಲ ಸಾಲು ನಮ್ಮ ಪಿಟೀಲಿನದೇ: "ದೊಡ್ಡವರು ಇಲ್ಲದ ಸಮಯದಲ್ಲಿ ಮಗು ತಾನಾಗಿ ನಾಯಿಯ ಬಳಿ ಹೋಗಿದ್ದರಿಂದ..." ಅದರ ಕೆಳಗೆ ಸಾಕ್ಷಿಯೆಂದು ನನ್ನ ಸಹಿ ಬೇಕಂತೆ, ಅರ್ಜಿಯನ್ನು ನನ್ನ ಬಳಿಯೇ ಬಿಟ್ಟುಹೋಗಿದ್ದಾರೆ. ಸಾಹುಕಾರನ ಕಡಿತಕ್ಕೆ ಪೈಲ್ವಾನನ ಗಡೀಪಾರು, ಇದು ಇವರ ನ್ಯಾಯ.

ಕ್ಯಾಷಿಯರ್ ಮೂರು ವಾರದಿಂದ ದಿನಾ ಬಾಗಿಲು ತಟ್ಟುತ್ತಿದ್ದಾರೆ. "ಕನ್ನಡಕ ಸಿಗ್ತಿಲ್ಲ ಸಾರ್, ಓದದೆ ಹೇಗೆ ಸಹಿ ಹಾಕಲಿ?" ಎನ್ನುತ್ತೇನೆ. "ಮೂಗಿನ ಮೇಲಿರೋದು ಏನ್ರೀ?" ಎಂದರು ನಿನ್ನೆ. "ಇದು ದೂರದ್ದು," ಎಂದು ಬಾಗಿಲು ಹಾಕಿಕೊಂಡೆ. ಎದುರಿನ ಬೇಕರಿಯಿಂದ ಆಕೆ ಎಲ್ಲವನ್ನೂ ನೋಡುತ್ತಾಳೆ. ಬೈದಿದ್ದರೆ ವಾಸಿಯಿತ್ತು.

ಸಾಹುಕಾರ ಈಗ ಹಿಂದಿನ ಕೋಣೆಯಲ್ಲಿ ಒಬ್ಬನೇ ತಿನ್ನುತ್ತಾನೆ, ಬಾಗಿಲು ಮುಚ್ಚಿರುತ್ತದೆ. ಮೊನ್ನೆ ನಾನು ನೀರಿಡಲು ಹೋದಾಗ ಮೆಲ್ಲಗೆ ಗುರ್ ಎಂದ, ತಕ್ಷಣ ಏಟು ಬೀಳುತ್ತದೆಂದು ಮೈ ಕುಗ್ಗಿಸಿಕೊಂಡ. ನಾನು ನೀರು ಅಲ್ಲೇ ಇಟ್ಟು ಹಿಂದೆ ಸರಿದೆ. ಅಷ್ಟೇ ಮಾಡಬೇಕಾದದ್ದು ನೋಡು. ಅದನ್ನು ಕಲಿಯಲು ನನಗೆ ಅರವತ್ತಾರು ವರ್ಷ ಹಿಡಿಯಿತು.

ನಿಮ್ಮೆಲ್ಲರ ಆರೋಗ್ಯ ಚೆನ್ನಾಗಿರಲಿ. ಮಗುವಿನ ಕೆನ್ನೆ ಮೊದಲಿನಂತಾಗಲಿ. ಅಳಿಯಂದಿರಿಗೆ ನನ್ನ ಮೇಲೆ ಕೋಪವಿದ್ದರೆ ಇರಲಿ, ಆರೋಗ್ಯ ಮಾತ್ರ ಕೆಡಿಸಿಕೊಳ್ಳದಿರಲಿ.

ಇಂತಿ,
ನಿನ್ನ ಸೋದರಮಾವ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಂದು ನೀನು, ನಿನ್ನ ಅತ್ತೆ ಚಪ್ಪಲಿ ಅಂಗಡಿಗೆ ಹೋಗಿದ್ದಿರಿ. ನಾನು ಅಡುಗೆಮನೆಯಲ್ಲಿದ್ದೆ ಎಂದು ನಿನಗೆ ಹೇಳಿದ್ದು ಸುಳ್ಳು. ಸಾಹುಕಾರ ತಿನ್ನುತ್ತಿದ್ದ, ಎರಡು ಮಾರು ದೂರದಲ್ಲಿ ಕುರ್ಚಿಯ ಮೇಲೆ ನಾನು ಕೂತಿದ್ದೆ. ನನ್ನ ನಾಯಿ ನನ್ನ ಮಾತು ಹೇಗೆ ಕೇಳುತ್ತದೆಂದು ಮಗುವಿಗೆ ತೋರಿಸುವ ಚಪಲ. ಅವಳು ಬೇಡವೆಂದಳು. "ಅಮ್ಮ ಬೈತಾಳೆ ಅಜ್ಜ," ಎಂದಳು. "ತಟ್ಟೆ ಎಳಿ ಕಣೇ, ನಾನಿದೀನಲ್ಲ," ಎಂದವನು ನಾನು. ಆಸ್ಪತ್ರೆಗೆ ಹೋಗುವಾಗ ಗಾಡಿಯಲ್ಲಿ ಅವಳ ಕಿವಿಯಲ್ಲಿ, "ಅಮ್ಮಂಗೆ ಹೇಳಬೇಡ, ನನ್ನ ಜೊತೆ ಮಾತು ಬಿಟ್ಬಿಡ್ತಾಳೆ," ಎಂದವನೂ ನಾನೇ. ಹೊಲಿಗೆ ಹಾಕಿದ ಮೇಲೆ ನೀನು ಅಳುತ್ತಾ, "ತಿನ್ನೋ ನಾಯಿ ಹತ್ರ ಹೋಗಬೇಡ ಅಂತ ಎಷ್ಟು ಸಲ ಹೇಳಿಲ್ಲ?" ಎಂದು ಅವಳನ್ನು ಗದರಿದೆ. ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. "ಮರ್ತೋಯ್ತು ಅಮ್ಮ," ಎಂದಳು.

ಅರ್ಜಿಯ ಆ ಮೊದಲ ಸಾಲನ್ನು ಹೊಡೆದುಹಾಕಿ ಇದನ್ನೇ ಬರೆದಿದ್ದೇನೆ. ಸಂಜೆ ಕ್ಯಾಷಿಯರ್ ಬಂದಾಗ ಕೊಡುತ್ತೇನೆ. ಅವಳನ್ನು ಇಲ್ಲಿಗೆ ಕಳಿಸುವುದು, ಬಿಡುವುದು ನಿನಗೆ ಸೇರಿದ್ದು. ಆದರೆ ಇಷ್ಟನ್ನು ಅವಳಿಗೆ ಓದಿ ಹೇಳು. ಅಜ್ಜನೇ ಹೇಳಿಬಿಟ್ಟಿದ್ದಾನೆ, ಇನ್ನು ನೀನು ಬಾಯಿ ಬಿಡಬಹುದು ಎಂದು ಹೇಳು.