‘ಊಟ ಆಯ್ತಾ’ ಎಂಬ ತಪ್ಪು ಉತ್ತರ

ಮಧುರೆ, ದೊಡ್ಡಬಳ್ಳಾಪುರ ತಾಲ್ಲೂಕು
೧೮ ಆಗಸ್ಟ್ ೨೦೨೫

ಪ್ರೀತಿಯ ಚೈತ್ರಾ,

ಹೇಗಿದ್ದೀಯ? ಪುಣೆಯ ಮಳೆಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಕಷಾಯದ ಪುಡಿ ಕಳಿಸಿದ್ದೇನೆ, ಮರೆಯದೆ ಕುಡಿ. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯುವುದು ವಾಡಿಕೆ. ಆದರೆ ನನಗೆ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ ನನ್ನನ್ನು ನಗಿಸಿಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಕಂಪನಿಯವರು ಹೈಸ್ಕೂಲ್ ಮಕ್ಕಳಿಗೆ ಅಂತ ಮಾಡಿರುವ ವಿಡಿಯೋ ಗೇಮು, ಅದೇ, ನೀನು ಕನ್ನಡದ ಮಾತುಗಳನ್ನೆಲ್ಲ ಬರೆದುಕೊಟ್ಟೆಯಲ್ಲ, ಅದು ನಮ್ಮ ಅರ್ಪಿತಳ ಶಾಲೆಗೂ ಬಂದಿದೆ. ಸ್ನೇಹ, ಸಹಾನುಭೂತಿ ಎಲ್ಲ ಕಲಿಸುತ್ತದಂತೆ. ಆಟದಲ್ಲಿ ಒಬ್ಬ ಹುಡುಗಿ ಅಳುತ್ತ ಕೂತಿರುತ್ತಾಳೆ, ಅವಳಿಗೆ ಏನು ಹೇಳುತ್ತೀ ಅಂತ ಕೇಳಿ ಮೂರು ಉತ್ತರ ಕೊಡುತ್ತದೆ. ನನ್ನ ಮಗಳು ‘ಊಟ ಆಯ್ತಾ?’ ಅನ್ನುವುದನ್ನು ಒತ್ತಿದಳು. ಕೆಂಪು ಗುರುತು ಬಂತು! ‘ನಿನ್ನ ಭಾವನೆಗಳನ್ನು ನಾನು ಗೌರವಿಸುತ್ತೇನೆ’ ಅನ್ನಬೇಕಿತ್ತಂತೆ. ಯಾರೇ ಹಾಗೆ ಮಾತಾಡುವವರು, ನಮ್ಮಪ್ಪನೇ, ನಮ್ಮ ತಾತನೇ? ಅಮ್ಮ ತೀರಿಕೊಂಡಾಗ ನೀನು ಮೂರು ದಿನ ಗೋಡೆ ನೋಡುತ್ತ ಕೂತಿದ್ದೆ. ಪಕ್ಕದ ಮನೆಯ ಮುತ್ಯಾಲಮ್ಮ ಬಂದು ‘ಊಟ ಆಯ್ತೇನಮ್ಮಾ?’ ಅಂದಮೇಲೆ ತಾನೇ ನೀನು ಬಾಯಿಬಿಟ್ಟು ಅತ್ತದ್ದು? ಅದನ್ನು ತಪ್ಪು ಉತ್ತರ ಅಂತ ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು?

ಪೋಷಕರ ಸಭೆಯಲ್ಲಿ ಹರಿಪ್ರಸಾದ್ ಮೇಷ್ಟ್ರು ಎಲ್ಲರೆದುರು ಓದಿದರು, ಆ ಆಟದಲ್ಲಿ ಅರ್ಪಿತಳಿಗೆ ಸಹಾನುಭೂತಿಗೆ ಹತ್ತಕ್ಕೆ ಎರಡೇ ಅಂಕ ಅಂತ. ‘ಮನೇಲಿ ಸ್ವಲ್ಪ ಮಾತಾಡ್ಸಿ ಅಮ್ಮಾ’ ಅಂತ ಬುದ್ಧಿ ಬೇರೆ. ಕಳೆದ ವಾರ ಅವಳ ಗೆಳತಿ ಬುಷ್ರಾ, ಅಜ್ಜಿ ತೀರಿಕೊಂಡ ಮೇಲೆ ಮೊದಲ ಸಲ ಶಾಲೆಗೆ ಬಂದಳು. ಮುಂಚೆಯಾಗಿದ್ದರೆ ನನ್ನ ಮಗಳು ತನ್ನ ಡಬ್ಬಿ ಬಿಚ್ಚಿ ಅವಳ ಮುಂದಿಡುತ್ತಿದ್ದಳು. ಈ ಸಲ ನೀನು ಬರೆದ ವಾಕ್ಯವನ್ನು ಗಿಳಿಪಾಠದಂತೆ ಒಪ್ಪಿಸಿದಳು. ‘ಏನೇ, ನನ್ನೇ ಆಡ್ಕೊಳ್ತೀಯಾ?’ ಅಂತ ಬುಷ್ರಾ ಎದ್ದು ಬೇರೆ ಬೆಂಚಿಗೆ ಹೋದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಟದಲ್ಲಿ ಪಾಠ ಕಲಿಸುವುದೇ ಬೇಡ ಅನ್ನುವಷ್ಟು ದಡ್ಡಿ ನಾನಲ್ಲ. ‘ಮೇಲಿನವರು ಹೇಳಿದರು, ನಾನು ಕನ್ನಡಕ್ಕೆ ಇಳಿಸಿದೆ’ ಅಂತ ಮಾತ್ರ ಜಾರಿಕೊಳ್ಳಬೇಡ.

ನಿಮ್ಮ ಭಾವ ನಿನ್ನನ್ನು ವಿಚಾರಿಸಿದರು. ಕೋಪ ಎಷ್ಟೇ ಇರಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮುನಿಲಕ್ಷ್ಮಮ್ಮ

ಹಾಂ, ಇನ್ನೊಂದು: ಮೇಷ್ಟ್ರು ಓದಿದ್ದು ಸುಳ್ಳು ಅಂತ ಅರ್ಪಿತಳಿಗೆ ನೂರು ಸಲ ಹೇಳಿದೆ, ಒಪ್ಪುತ್ತಿಲ್ಲ. ಆಟದ ಕೊನೆಯಲ್ಲಿ ನಿನ್ನ ಹೆಸರು ಓದಿದ್ದಾಳೆ. ‘ಚಿಕ್ಕಮ್ಮನೇ ಬರ್ದಿದಾರೆ ಅಂದ್ಮೇಲೆ ನಿಜಾನೇ ಅಲ್ವಾ ಅಮ್ಮಾ? ಬೇರೆಯವ್ರ ನೋವು ಅರ್ಥ ಆಗೋ ಮನಸ್ಸೇ ನಂಗಿಲ್ಲ’ ಅಂದಳು. ನನ್ನ ಮೇಲೆ ಸಿಟ್ಟಾಗು, ಪರವಾಗಿಲ್ಲ. ಈ ಕಾಗದ ಸೇರಿದ ದಿನವೇ ಅವಳಿಗೆ ಫೋನ್ ಮಾಡು. ‘ತಪ್ಪಿದ್ದು ನಾನು, ನೀನಲ್ಲ’ ಅಂತ ನಿನ್ನ ಬಾಯಿಂದಲೇ ಹೇಳು.