ಇಬ್ಬರಾಡುವ ಚೌಕಾಬಾರ

ವನಿತಾ,

ನನ್ನ ಆಟಕ್ಕೆ ಕೈ ಹಾಕು ಅಂತ ನಿನಗೆ ಯಾರು ಹೇಳಿದರು? ಬೆಳಿಗ್ಗೆ ಬೈದದ್ದು ಸಾಲದು, ಅದಕ್ಕೇ ಬರೆಯುತ್ತಿದ್ದೇನೆ.

ಯೂಟ್ಯೂಬ್ ನೋಡಿ, ತಪ್ಪು ಮಾಡಿ, ತಿದ್ದಿ, ನಾನೇ ಕೋಡ್ ಬರೆದು ಮಾಡಿದ ಮೊದಲ ಆಟ ಆ ಚೌಕಾಬಾರ. ಇಬ್ಬರು ಎದುರುಬದುರು ಕೂತು ಒಂದೇ ಫೋನಿನಲ್ಲಿ ಆಡಬೇಕು. ಹಸಿರು ಕಾಯಿಗೆ ನಿನ್ನ ಹೆಸರು ಇಟ್ಟಿದ್ದೆ. ನೀನು ಅದನ್ನು ಅಳಿಸಿ ‘ಕಂಪ್ಯೂಟರ್’ ಅಂತ ಹಾಕಿ, "ಅಮ್ಮಾ, ಇನ್ಮೇಲೆ ಅದೇ ನಿನ್ ಜೊತೆ ಆಡತ್ತೆ, ನನ್ನ ಕರೀಬೇಡ" ಅಂದೆ.

ಕಂಪ್ಯೂಟರನ್ನು ಆಡಿಸಲು ನನಗೂ ಬರುತ್ತಿತ್ತು ಕಣೇ. ಬೇಕೆಂದೇ ಬಿಟ್ಟಿದ್ದೆ. ಊಟದ ತಟ್ಟೆಯನ್ನೂ ಕೋಣೆಗೆ ಒಯ್ಯುವವಳು ಈ ನೆಪದಲ್ಲಾದರೂ ನನ್ನ ಎದುರು ಕೂರುತ್ತೀಯ ಅಂದುಕೊಂಡಿದ್ದೆ. ಎರಡೂ ಕಡೆ ನಾನೊಬ್ಬಳೇ ಆಡಿ ಸಾಕಾಗಿದೆ.

ಸಾರು ಕುಕ್ಕರಿನಲ್ಲಿದೆ, ಬಿಸಿ ಮಾಡಿಕೊ. ಸಂಜೆ ನೀರಿನ ಕ್ಯಾನಿನವನು ಬರುತ್ತಾನೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಅವನು ವಾಪಸ್ ಹೋಗುತ್ತಾನೆ.

ನಾನು ಕತ್ರಿಗುಪ್ಪೆಗೆ, ನಿನ್ನ ದೊಡ್ಡಮ್ಮನ ಮನೆಗೆ ಹೊರಟೆ. ಬಟ್ಟೆಯೆಲ್ಲ ತೆಗೆದುಕೊಂಡಿದ್ದೇನೆ, ಇನ್ನು ಅಲ್ಲೇ ಇರುತ್ತೇನೆ. ಮನೆಗೆ ಕರೆಯಲು ಬರಬೇಡ. ಆಡಲು ಬರುವುದಾದರೆ ಬಾ.

ಅಮ್ಮ