ನೀವು ಕೆರೆಸಿ ತೆಗೆಸಿದ ಜೋಳದ ಕಾಳು

ತಾಲೂಕಿನ ಕಂಪ್ಯೂಟರ್ ತಪಾಸಣೆಯ ಅಧಿಕಾರಿಗಳಿಗೆ,

ಮಾನ್ಯರೇ,

ಹೋದ ತಿಂಗಳು ಒಂಬತ್ತರಂದು ತಾವು ನಮ್ಮೂರ ಗ್ರಂಥಾಲಯಕ್ಕೆ ದಯಮಾಡಿಸಿ, ಅಲ್ಲಿದ್ದ ಒಂದೇ ಒಂದು ಕಂಪ್ಯೂಟರನ್ನು 'ಪೂರ್ತಿ ಸ್ವಚ್ಛ' ಮಾಡಿಸಿ, ಎರಡು ಸಲ ಚಹಾ ಕುಡಿದು ಹೋದಿರಿ. ನೀವು ಸ್ವಚ್ಛ ಮಾಡಿಸಿದ್ದು ಕಣ್ಣಿಲ್ಲದ ಒಬ್ಬ ಮನುಷ್ಯನ ಮೂರು ವರ್ಷದ ಬರವಣಿಗೆಯನ್ನು. ಅದನ್ನು ನಾನು ನಾಲ್ಕು ಜನರ ಮುಂದೆ ಹೇಳಬೇಕು; ಅದಕ್ಕೇ ಈ ಬಹಿರಂಗ ಪತ್ರ. ಜೊತೆಗೆ, ಎರಡು ವಾರದಿಂದ ನೀವು ಫೋನ್ ಮೇಲೆ ಫೋನ್ ಮಾಡಿ ಕೇಳುತ್ತಿರುವ ಆ ವಸ್ತುವಿನ ಬಗ್ಗೆ ನನ್ನ ಉತ್ತರವನ್ನೂ ಕೊಡಬೇಕು. ಫೋನಿನಲ್ಲಿ ನಾನು ಹಾಂ ಹೂಂ ಎಂದಷ್ಟೇ ಇಟ್ಟಿದ್ದೇನೆ. ಉತ್ತರ ಇಲ್ಲಿದೆ, ಓದಿರಿ.

ನಾನು ಸುರೇಬಾನ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವಳು. ನಿಮ್ಮ ವರದಿಯಲ್ಲಿ 'ಅನಧಿಕೃತ ವ್ಯಕ್ತಿ' ಎಂದು ಬರೆದಿದ್ದೀರಲ್ಲ, ಅದು ನಾನೇ. ಆ ಕಣ್ಣಿಲ್ಲದ ಮನುಷ್ಯ ಗೌತಮ, ಕೆಳಗಿನ ಕೇರಿಯ ಮರೆವ್ವನ ಮಗ. ಕಣ್ಣಿದ್ದಾಗ ರಾಮದುರ್ಗದಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿದವನು. ಇಪ್ಪತ್ತೆರಡಕ್ಕೆ ಕಣ್ಣು ಹೋದವು, ಬೆರಳು ಹೋಗಲಿಲ್ಲ. ಈಗ ಅವನಿಗೆ ಮೂವತ್ತಾರು. ಸುತ್ತಿನ ಐದು ಹಳ್ಳಿಯ ಜನ ಅರ್ಜಿ ಬರೆಸಲು ಅವನ ಹತ್ತಿರ ಬರುತ್ತಾರೆ. ಅವನದೊಂದು ರೂಢಿಯಿದೆ. ಅರ್ಜಿ ಮುಗಿದ ಮೇಲೆ, ಬರೆಸಿದವರು ಸಹಿ ಹಾಕುವ ಮೊದಲು, ಕಂಪ್ಯೂಟರಿನಿಂದ ಅದನ್ನು ಗಟ್ಟಿಯಾಗಿ ಓದಿಸುತ್ತಾನೆ. ಬಾಗಿಲು ತೆರೆದೇ ಇರುತ್ತದೆ. ಸುಳ್ಳಿದ್ದರೆ ಕಟ್ಟೆಯ ಮೇಲೆ ಕೂತವರೇ ಹಿಡಿದುಬಿಡುತ್ತಾರೆ.

ಇಲಾಖೆ ಕೊಟ್ಟ ಆ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತು. ಅದಕ್ಕೆ ನೀವು ಜಡಿದ ಬೀಗ ಎಂಥದ್ದೆಂದರೆ, ಒಂದು ಕನ್ನಡ ಅಕ್ಷರಶೈಲಿ ಸೇರಿಸಬೇಕಿದ್ದರೂ ತಾಲೂಕಿನ ಪಾಸ್‌ವರ್ಡ್ ಬೇಕು. ಗೌತಮನಿಗೆ ಬೇಕಾದದ್ದು ಪರದೆಯ ಮೇಲಿನದನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ದನಿ. ವಿಂಡೋಸಿನ ಹಾಗೆಯೇ ಕಂಪ್ಯೂಟರ್ ನಡೆಸುವ ಲಿನಕ್ಸಿನಲ್ಲಿ ಅದು ಪುಕ್ಕಟೆ ಸಿಗುತ್ತದೆ. ಆದರೆ ಓದುಗರ ಹಾಜರಿ ತುಂಬುವ ನಿಮ್ಮ ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಎರಡೂ ಇರಲಿ ಎಂದೆವು. ಅಣ್ಣತಮ್ಮಂದಿರ ಹೊಲಕ್ಕೆ ಬದು ಹಾಕುವಂತೆ ಒಂದೇ ಹಾರ್ಡ್ ಡಿಸ್ಕನ್ನು ಎರಡು ಪಾಲು ಮಾಡಿದೆ. ಗ್ರಂಥಾಲಯದ ಮೇಲ್ವಿಚಾರಕ ಭೀಮಶಿಯವರು ಕಾಯಿ ಒಡೆಯುವ ತನಕ ನನಗೆ ಎಂಟರ್ ಒತ್ತಲು ಬಿಡಲಿಲ್ಲ. ಕದ್ದು ಮಾಡಿದ ಕೆಲಸ ಅದಲ್ಲ. ನಿಮಗಿಂತ ಮೊದಲು ನಿಮ್ಮ ಕುರ್ಚಿಯಲ್ಲಿ ಕೂತಿದ್ದವರು ಸಹಿ, ಮೊಹರು ಹಾಕಿ ಅನುಮತಿ ಕೊಟ್ಟಿದ್ದರು. ಭೀಮಶಿಯವರು ಆ ಪತ್ರಕ್ಕೆ ಕಟ್ಟು ಹಾಕಿಸಿ ಕಂಪ್ಯೂಟರಿನ ಹಿಂದಿನ ಗೋಡೆಗೆ ತೂಗುಹಾಕಿದ್ದಾರೆ. ಬಂದ ದಿನ ನೀವು ನಿಮ್ಮ ಬ್ಯಾಗನ್ನು ನೇತುಹಾಕಿದ್ದು ಅದೇ ಮೊಳೆಗೆ.

ಯಂತ್ರ ಶುರು ಮಾಡಿದಾಗ ಕರಿ ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಮೇಲಿನದು ಸರ್ಕಾರದ ವಿಂಡೋಸ್, ಕೆಳಗಿನದು ಗೌತಮನ ಲಿನಕ್ಸ್. ಹತ್ತು ಸೆಕೆಂಡು ಕಾಯುತ್ತದೆ; ಯಾರೂ ಏನೂ ಒತ್ತದಿದ್ದರೆ ಸರ್ಕಾರದ ಕಡೆಗೇ ಹೋಗುತ್ತದೆ. ಕಣ್ಣಿಲ್ಲದವನಿಗೆ ಆ ಹತ್ತು ಸೆಕೆಂಡು ಯಾವಾಗ ಶುರುವಾಯಿತು ಎಂದು ತಿಳಿಯುವುದು ಹೇಗೆ? ಅದಕ್ಕೆಂದೇ ಆ ಪರದೆ ಬಂದಾಗ ಟುಂಯ್ ಎಂದು ಕೂಗುವಂತೆ ಮಾಡಿದೆ. ಕೂಗು ಕೇಳಿದ ಮೇಲೆ ಕೆಳಬಾಣದ ಕೀಲಿ ಒಮ್ಮೆ, ಎಂಟರ್ ಒಮ್ಮೆ. ಆದರೆ ಬಾಣದ ಕೀಲಿಗಳೆಲ್ಲ ಒತ್ತಟ್ಟಿಗೆ ಇರುವುದರಿಂದ ಬೆರಳು ತಪ್ಪುತ್ತಿತ್ತು. ಮರೆವ್ವ ಎರಡು ದಿನ ನೋಡಿದಳು. ಮೂರನೇ ದಿನ ಸೆರಗಿನ ಗಂಟಿನಿಂದ ಒಂದು ಕಾಳು ತೆಗೆದು, "ಇದರ ಮ್ಯಾಲ ಈ ಜ್ವಾಳದ ಕಾಳು ಅಂಟಸ್ರಿ ಬಾಯಾರ, ಅಂವನ ಕೈಗೆ ಹತ್ತತೈತಿ" ಎಂದಳು. ಅಂಟಿಸಿದೆ. ಅವತ್ತಿನಿಂದ ಗೌತಮ ಒಂದು ದಿನವೂ ತಪ್ಪಲಿಲ್ಲ.

ನೀವು ಬಂದಿರಿ. ಕಂಪ್ಯೂಟರ್ ಟುಂಯ್ ಎಂದಿತು, ಕರಿ ಪರದೆ ಬಂತು. ವೈರಸ್ ಎಂದಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಿಮ್ಮ ಜೊತೆ ಬಂದ ತಂತ್ರಜ್ಞರು ತಕ್ಷಣ ಪೆನ್ ಡ್ರೈವ್ ತೆಗೆದರು. ಭೀಮಶಿಯವರು ಕೈ ಮುಗಿದು, "ಸಾಹೇಬ್ರ, ಒಂದ್ ಕಡಿ ಗೌತಮನ ಕಾಗದಪತ್ರ ಅದಾವ್ರಿ, ತಡೀರಿ" ಎಂದರು. ಆಗ ನೀವು ಹೇಳಿದ ಮಾತು ನೆನಪಿದೆಯೇ? "ಕಣ್ಣ ಕಾಣದವಗ ಕಂಪ್ಯೂಟರ್ ಯಾಕ ಬೇಕ್ರೀ? ಒಂದು ರೇಡಿಯೋ ಕೊಡಸ್ರಿ." ನಿಮಗೆ ನೆನಪಿರಲಿಕ್ಕಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗೌತಮನಿಗೆ ನೆನಪಿದೆ. ಕೀಲಿಮಣೆ ಗಲೀಜಾಗಿದೆ ಎಂದು ಪೆನ್ನಿನ ಟೊಪ್ಪಿಗೆಯಿಂದ ಆ ಕಾಳನ್ನೂ ಕೆರೆಸಿದಿರಿ. ಸ್ವಚ್ಛತೆ ಎಂದರೆ ಹಾಗಿರಬೇಕು!

ಅಳಿಸಿ ಹೋದದ್ದು ಏನೆಂದು ಈಗ ಕೇಳಿರಿ. ಕೆಳಗಿನ ಕೇರಿಯಿಂದ ಸ್ಮಶಾನಕ್ಕೆ ಒಂದು ಬಂಡಿದಾರಿ ಇತ್ತು. ಅದಕ್ಕೆ ಒಬ್ಬರು ತಂತಿ ಬೇಲಿ ಹಾಕಿ ಆರು ವರ್ಷವಾಯಿತು. ದಾರಿ ಇತ್ತೆಂದು ತೋರಿಸಲು ಗೌತಮ ಹತ್ತೊಂಬತ್ತು ಹಿರಿಯರನ್ನು ಕೂರಿಸಿಕೊಂಡು ಅವರ ಮಾತನ್ನು ಹೇಳಿದ ಹಾಗೆಯೇ ಟೈಪು ಮಾಡಿದ್ದ. ಅವರಲ್ಲಿ ಅವನ ಸೋದರಮಾವ ಶಂಕ್ರೆಪ್ಪ ಒಬ್ಬ. ನಲವತ್ತು ವರ್ಷ ಕೇರಿಯ ಹೆಣಗಳಿಗೆ ಹೆಗಲು ಕೊಟ್ಟವನು. ಆ ದಾರಿಯಲ್ಲಿ ಹೊತ್ತವರು ಹೆಗಲು ಬದಲಿಸುವ ಮೂರು ಜಾಗಗಳನ್ನು, ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂಬುದನ್ನು ಅವನು ಹೇಳಿ ಬರೆಸಿದ್ದ. ಅದು ಅವನೊಬ್ಬನಿಗೇ ಗೊತ್ತಿತ್ತು. ಯುಗಾದಿ ಮುಗಿದ ವಾರಕ್ಕೆ ಶಂಕ್ರೆಪ್ಪ ತೀರಿಕೊಂಡ. ಅವನನ್ನೂ ಡಾಂಬರು ರಸ್ತೆ ಹಿಡಿದು ಸುತ್ತುಹಾಕಿಯೇ ಒಯ್ದರು.

ಆ ದಾರಿಯ ವಿಚಾರಣೆ ಇದ್ದದ್ದು ರಾಮದುರ್ಗದ ಕಚೇರಿಯಲ್ಲಿ, ಅದೇ ತಿಂಗಳು ಹದಿನೈದಕ್ಕೆ. ಹದಿನಾಲ್ಕಕ್ಕೆ ನನ್ನ ಅಂಗಡಿಯಲ್ಲಿ ಎಲ್ಲವನ್ನೂ ಮುದ್ರಿಸುವುದೆಂದು ಮಾತಾಗಿತ್ತು. ನೀವು ಒಂಬತ್ತಕ್ಕೆ ಬಂದಿರಿ. ಮೂರು ದಿನ ಆ ಡಿಸ್ಕಿನಲ್ಲಿ ಹುಡುಕಿದೆ. ನಿಮ್ಮವರು ಅಳಿಸಿದ್ದಷ್ಟೇ ಅಲ್ಲ, ಅದರ ಮೇಲೆ ಹೊಸದನ್ನು ತುಂಬಿದ್ದರು. ಗೌತಮ ಬರಿಗೈಯಲ್ಲಿ ಹೋದ. "ದಾಖಲೆ ಇಲ್ಲದೆ ಏನು ಕೇಳುವುದು?" ಎಂದು ಒಂದೇ ಒಂದು ಕೊನೆಯ ಗಡುವು ಕೊಟ್ಟು ಕಳಿಸಿದರು. ಬರುವ ತಿಂಗಳು ಇಪ್ಪತ್ತು. ಮರೆವ್ವ ನನ್ನ ಅಂಗಡಿಯ ಮುಂದೆ ನಿಂತು, "ಹೇಳಿದಂವನೂ ಹ್ವಾದ, ಹೇಳಿದ ಮಾತೂ ಹೋತು. ಈಗ ದಾರಿ ಯಾರನ್ನ ಕೇಳೂಣ್ರಿ?" ಎಂದಳು. ನಿಮ್ಮ ಹತ್ತಿರ ಇದಕ್ಕೆ ಉತ್ತರವಿದೆಯೇ?

ಈಗ ನಿಮಗೆ ಬೇಕಾದ ವಸ್ತುವಿಗೆ ಬರೋಣ. ಪ್ರತಿ ಅಮಾವಾಸ್ಯೆಗೆ ನಾನು ಅಂಗಡಿಯ ಯಂತ್ರಗಳಿಗೆ ನಿಂಬೆಹಣ್ಣು ನಿವಾಳಿಸಿ, ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ನನ್ನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತೇನೆ. ನೀವು ಬರುವ ಮುಂಚಿನ ಅಮಾವಾಸ್ಯೆಯ ಹಿಂದಿನ ದಿನ ನನ್ನ ಹಳೆಯ ಡಿಸ್ಕು, ಅದರಲ್ಲಿದ್ದ ಹಿಂದಿನ ನಕಲುಗಳ ಸಮೇತ, ಕೆಟ್ಟಿತ್ತು. ಹೊಸದರಲ್ಲಿ ಒಂದೇ ಪಾಲಿಗೆ ಜಾಗವಿತ್ತು. ಗೌತಮನೇ ಹೇಳಿದ: "ಮೊದಲ ಸರ್ಕಾರದ್ದು ಮಾಡ್ರಿ ಅಕ್ಕಾರ, ಭೀಮಶಿ ಮಾವನ ನೌಕರಿ ಪ್ರಶ್ನಿ ಐತಿ. ನಂದು ಮುಂದಿನ ಅಮಾಸಿಗೆ ಇರಲಿ." ನಾನು ಹೂಂ ಎಂದೆ.

ಪೂರ್ತಿ ಸ್ವಚ್ಛ ಮಾಡಿಸುವ ಉತ್ಸಾಹದಲ್ಲಿ ನೀವು ನಿಮ್ಮ ಪಾಲನ್ನೂ ಗುಡಿಸಿಹಾಕಿದಿರಿ. ಮೂರು ವರ್ಷದ ಹಾಜರಿಯನ್ನು ಮೇಲಿನವರು ಕೇಳುತ್ತಿದ್ದಾರಂತೆ. 'ಯಾವುದೇ ದತ್ತಾಂಶ ನಷ್ಟವಾಗಿಲ್ಲ' ಎಂದು ನೀವೇ ವರದಿ ಕೊಟ್ಟಿದ್ದೀರಂತೆ. ಅದಕ್ಕೇ ಬರವಣಿಗೆಯಲ್ಲಿ ಕೇಳಲಾಗದೆ ಫೋನಿನಲ್ಲಿ ಪಿಸುಗುಡುತ್ತಿದ್ದೀರಿ. ಆ ಹಾಜರಿ ಇರುವ ಏಕೈಕ ಜಾಗ ನನ್ನ ಹಾರ್ಡ್ ಡಿಸ್ಕ್. ಅದು ಅಂಗಡಿಯಲ್ಲಿ, ಜೋಳದ ಡಬ್ಬಿಯಲ್ಲಿ, ಸುಖವಾಗಿದೆ. "ಕೊಟ್ಟಬಿಡ್ರಿ ಅಕ್ಕಾರ, ಅವರಿಗೂ ಹೆಂಡ್ರು ಮಕ್ಕಳ ಇರತಾರ" ಎಂದು ಗೌತಮ ಹೇಳುತ್ತಾನೆ. ಅವನು ಒಳ್ಳೆಯವನು. ನಾನು ಅಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಜಾತಿ ನನ್ನದು.

ಆದ್ದರಿಂದ ಹೀಗೆ ಮಾಡಿರಿ. ಎಂಟು ದಿನದೊಳಗೆ, ಗೌತಮನ ಪಾಲನ್ನು ಮತ್ತೆ ಹಾಕಲು ಲಿಖಿತ ಆದೇಶ ಕಳಿಸಿರಿ. ನಾನು ಒಂದು ಮಧ್ಯಾಹ್ನದಲ್ಲಿ ಹಾಕುತ್ತೇನೆ. ಆಮೇಲೆ ನೀವೇ ಬನ್ನಿರಿ. ಜೋಳದ ಕಾಳನ್ನು ಮರೆವ್ವ ಕೊಡುತ್ತಾಳೆ, ಕೆಳಬಾಣದ ಮೇಲೆ ನಿಮ್ಮ ಕೈಯಾರೆ ಅಂಟಿಸಿರಿ. ನಂತರ ಆ ಹಾರ್ಡ್ ಡಿಸ್ಕಿಗಾಗಿ ನನ್ನ ಹೆಸರಿಗೆ ಒಂದು ಅರ್ಜಿ ಬರೆಸಿರಿ. ನಮ್ಮಲ್ಲಿ ಅರ್ಜಿ ಬರೆಯುವವನು ಒಬ್ಬನೇ, ನಿಮಗೆ ಗೊತ್ತು. ಸಾಲಿನಲ್ಲಿ ಕೂರಬೇಕಾಗುತ್ತದೆ; ಬೇಸರವಾದರೆ ಭೀಮಶಿಯವರು ರೇಡಿಯೋ ಹಚ್ಚುತ್ತಾರೆ. ಏನನ್ನು ಅಳಿಸಿದಿರಿ, ಯಾರದನ್ನು ಅಳಿಸಿದಿರಿ, ಶಂಕ್ರೆಪ್ಪನ ಹೆಸರು ಸಮೇತ ಎಲ್ಲವೂ ಆ ಅರ್ಜಿಯಲ್ಲಿರಬೇಕು. ಅದರ ಒಂದು ಪ್ರತಿಯನ್ನು ಗೌತಮ ಇಪ್ಪತ್ತರಂದು ರಾಮದುರ್ಗಕ್ಕೆ ಒಯ್ಯುತ್ತಾನೆ, ಹತ್ತೊಂಬತ್ತು ಜನರ ಮಾತು ಇತ್ತೆಂಬುದಕ್ಕೆ ಸಾಕ್ಷಿಯಾಗಿ.

ಸಹಿ ಹಾಕುವ ಮೊದಲು ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದುತ್ತದೆ. ಬಾಗಿಲು ತೆರೆದಿರುತ್ತದೆ. ಕಟ್ಟೆಯ ಮೇಲೆ ಕೇರಿಯವರೆಲ್ಲ ಕೂತಿರುತ್ತಾರೆ.

ಇಂತಿ,
ಮುಂದಿನ ಅಮಾವಾಸ್ಯೆಗೆ ಮಾಡಿದರಾಯಿತು ಎಂದು ಒಮ್ಮೆ ಸುಮ್ಮನಾದ,
ಮಾಲಾ
ಝೆರಾಕ್ಸ್ ಅಂಗಡಿ, ಸುರೇಬಾನ ರಸ್ತೆ